ಬೋರಲಾಗಿಯೇ ಉಳಿದ ತಟ್ಟೆ

ಮೂವತ್ತೊಂದು ವರ್ಷ ಶಾಲೆಯ ವ್ಯಾನು ಓಡಿಸಿದವಳಿಗೆ ಮಕ್ಕಳು ಇಟ್ಟ ಹೆಸರು ವ್ಯಾನಕ್ಕ. ಅದು ದೊಡ್ಡವರ ಬಾಯಿಗೂ ಅಂಟಿತು. ಮಾತಿನಲ್ಲಿ ಅವಳನ್ನು ಸೋಲಿಸಿದವರಿಲ್ಲ. ರಸ್ತೆಯಲ್ಲಿ ಹಿಂದೆ ಹಾಕಿದವರಿದ್ದರು, ಆದರೆ ಅವರೆಲ್ಲ ಮುಂದಿನ ಸಿಗ್ನಲ್ಲಿನಲ್ಲಿ ನಾಲ್ಕು ಮಾತು ಕೇಳಿಸಿಕೊಂಡೇ ಹೋದರು. ಗಂಡ ತೀರಿಕೊಂಡ ವರ್ಷವೇ ನಿವೃತ್ತಿಯೂ ಬಂತು. ಶಾಲೆಯವರು ಹಳೇ ವ್ಯಾನನ್ನೇ ಅವಳಿಗೆ ಬಿಟ್ಟುಕೊಟ್ಟು ಕೈಮುಗಿದರು. ಮಕ್ಕಳ ಗಲಾಟೆಯಲ್ಲೇ ಬಾಳಿದ ಜೀವವನ್ನು ಎರಡು ಕೋಣೆಯ ಮನೆಯ ಮೌನ ಕಿತ್ತು ತಿನ್ನತೊಡಗಿತು.

ಮನೆಯಲ್ಲಿ ಇನ್ನೊಬ್ಬಳು ಇರಲಿಲ್ಲವೆಂದಲ್ಲ, ತಂಗಿ ಇದ್ದಳು. ಮದುವೆಯಾಗದವಳು, ಕೆಳಗಿನ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಅವಳು ದಿನಕ್ಕೆ ಆಡುವ ಮಾತನ್ನು ಒಂದು ಅಂಗಿಯ ಗುಂಡಿಗಳ ಹಾಗೆ ಎಣಿಸಬಹುದಿತ್ತು. ನೆಂಟರಿಷ್ಟರೆಲ್ಲ ಅವಳನ್ನು ಕರೆಯುವುದು 'ಕಂಬ' ಎಂದು. ಇಪ್ಪತ್ತೆರಡು ವರ್ಷದ ಹಿಂದೆ, ಲೈಸೆನ್ಸು ಸಿಕ್ಕಿದ ವಾರವೇ, ಅಕ್ಕನ ವ್ಯಾನನ್ನು ಹಿಂದಕ್ಕೆ ತರಲು ಹೋಗಿ ಬೀದಿದೀಪದ ಕಂಬಕ್ಕೆ ಗುದ್ದಿದ್ದಳು. ಹಿಂದಿನ ಬಾಗಿಲು ಅಪ್ಪಚ್ಚಿ. ಅಂದು ಅಕ್ಕ ಬೀಗದ ಕೈ ಕಿತ್ತುಕೊಂಡಳು, ಬದಲಿಗೆ ಈ ಹೆಸರು ಕೊಟ್ಟಳು.

ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಹೊಸ ವಿಷಯ ಹೇಳಿದರು. ಯೇಸುವಿನ ಹೆಸರಿನಲ್ಲಿ ಹತ್ತಾರು ಸಂಸಾರಗಳು ಒಂದೇ ಅಂಗಳದಲ್ಲಿ ಬಾಳುವ ಮನೆಗಳಿವೆಯಂತೆ. ಅಡುಗೆ ಒಂದು, ದುಡಿಮೆ ಒಂದು, ಪ್ರಾರ್ಥನೆ ಒಂದು, ನಂದು ನಿಂದು ಅನ್ನುವುದಿಲ್ಲ. ವ್ಯಾನಕ್ಕ ಅಂದೇ ಅವಕ್ಕೆ ಕೂಡುಮನೆ ಎಂದು ಹೆಸರಿಟ್ಟು, ನಾಲ್ಕರ ವಿಳಾಸ ಬರೆದುಕೊಂಡು, ಟಯರಿಗೆ ಗಾಳಿ ಹಾಕಿಸಿದಳು.

"ಇಬ್ಬರಿಗೂ ಒಪ್ಪಿಗೆಯಾದ ಮನೆಗೆ ಮಾತ್ರ ಸೇರೋದು. ನಿನ್ನ ಬಿಟ್ಟು ನಾನು ಸ್ವರ್ಗಕ್ಕೂ ಹೋಗಲ್ಲ ಕಣೇ," ಎಂದಳು ತಂಗಿಗೆ.

"ಅಲ್ಲಿಗೂ ವ್ಯಾನು ನೀನೇ ಓಡಿಸ್ತೀಯಲ್ಲ," ಎಂದಳು ತಂಗಿ. ವ್ಯಾನಕ್ಕನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಮೊದಲನೆಯದು ಬ್ರೆಡ್ಡು ಬೇಯಿಸುವ ಮನೆ. ಬೆಳಗಿನ ನಾಲ್ಕಕ್ಕೇ ಒಲೆ, ಹಿಟ್ಟಿನ ಕೈಯಲ್ಲೇ ಹಾಡು. ವ್ಯಾನಕ್ಕ ಮನಸೋತಳು. ಊಟದ ಮೇಜಿನಲ್ಲಿ ತಂಗಿಯ ಹೆಗಲ ಮೇಲೆ ಕೈಯಿಟ್ಟು, "ಇವಳು ನಮ್ಮ ಕಂಬ," ಎಂದು ಕಥೆ ಶುರುಮಾಡಿ, ವ್ಯಾನಿನ ಸದ್ದನ್ನೂ ಬಾಗಿಲು ಮುರಿದ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿ, ಇಡೀ ಮನೆಯನ್ನು ನಗಿಸಿದಳು. ಬೆಳಿಗ್ಗೆ ತಂಗಿ, "ಈ ಮನೆ ಬೇಡ. ದಿಂಬು ಗಟ್ಟಿ," ಎಂದಳು.

ಎರಡನೆಯದು ಮೇಣದ ಬತ್ತಿ ಮಾಡುವವರದು. ಅಲ್ಲಿ ಊಟದಲ್ಲಿ ಮಾತಿಲ್ಲ. ಆದರೂ ಪಾತ್ರೆ ತೊಳೆಯುವಾಗ ಕಂಬದ ಕಥೆಯಾಯಿತು. "ಇಲ್ಲಿ ಮೇಣದ ವಾಸನೆ, ತಲೆನೋವು," ಎಂದಳು ತಂಗಿ. ಮೂರನೆಯ ಮನೆಯಲ್ಲಿ ಮರದ ಆಟಿಕೆ ಕೆತ್ತುವವರು ಕಂಬದ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಳಿಗ್ಗೆ ತಂಗಿಗೆ ಅಲ್ಲಿನ ಹಾಡಿನ ಸ್ವರ ತೀರಾ ಎತ್ತರವೆನಿಸಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಗೊಣಗುತ್ತ ವ್ಯಾನಕ್ಕ ಗೇರು ಬದಲಿಸಿದಳು. ಸಿಟ್ಟಿಗಿಂತ ಭಯ ಹೆಚ್ಚಿತ್ತು. ಉಳಿದಿದ್ದು ಒಂದೇ ವಿಳಾಸ. ಅದೂ ಬೇಡವಾದರೆ ಮತ್ತೆ ಅದೇ ಎರಡು ಕೋಣೆ, ಅದೇ ಗೋಡೆ.

ನಾಲ್ಕನೆಯದು ಬೆತ್ತದ ಕುರ್ಚಿ ಹೆಣೆಯುವವರ ಮನೆ. ಸಂಜೆ ಆರಕ್ಕೆ ಊಟದ ಗಂಟೆ. ಉದ್ದನೆಯ ಕೋಣೆ, ಆರು ಮೇಜು, ಅರವತ್ತು ಜನ. ಕಿಟಕಿಯಿಂದ ಇಳಿಬಿಸಿಲು ಮೇಜುಗಳ ಮೇಲೆ ಬಿದ್ದಿತ್ತು. ತಟ್ಟೆಗಳೆಲ್ಲ ಬೋರಲು. ಅಡುಗೆಮನೆಯ ಹಿರಿಯಮ್ಮ ಸಾರಿನ ಕೊಳಗದ ಪಕ್ಕ ನಿಂತು ಹೊಸಬರಿಗಾಗಿ ಬಿಡಿಸಿ ಹೇಳಿದಳು:

"ಈ ಮೇಜಿನಲ್ಲಿರೋ ಯಾರ ಮೇಲಾದರೂ ಮನಸ್ಸಲ್ಲಿ ಕಸ ಇದ್ದರೆ ಈಗಲೇ ಹೇಳಿಬಿಡಿ. ಇಲ್ಲದವರು ತಟ್ಟೆ ಮಗುಚಿ. ಎಲ್ಲ ತಟ್ಟೆ ಮೇಲಾಗದೆ ನಾನು ಸೌಟು ಮುಟ್ಟಲ್ಲ."

ಖಣಖಣನೆ ತಟ್ಟೆಗಳು ಮಗುಚಿಕೊಂಡವು. ಒಂದೇ ಒಂದು ಬೋರಲಾಗಿಯೇ ಉಳಿಯಿತು, ತಂಗಿಯದು. ಪಾಪ, ಅರ್ಥವಾಗಿಲ್ಲವೆಂದುಕೊಂಡ ವ್ಯಾನಕ್ಕ ತಾನೇ ಕೈಚಾಚಿ ಅದನ್ನು ಮಗುಚಲು ಹೋದಳು. ತಂಗಿ ಅಂಗೈಯಿಂದ ತಟ್ಟೆಯನ್ನು ಅದುಮಿ ಹಿಡಿದಳು.

"ಕೈ ತೆಗಿ ಅಕ್ಕ."

ಕೈಗೆ ಬಂದ ತುತ್ತು ಬಾಯಿಗೆ ಬರದೆ ಅರವತ್ತು ಜನ ಅವರಿಬ್ಬರನ್ನೇ ನೋಡಿದರು. ಸಾರು ಆರುತ್ತಿತ್ತು.

"ನಮ್ಮ ಮನೆ ಮಾತು ಮನೇಲಿ ಆಡೋಣ ಬಾರೇ," ಎಂದು ಪಿಸುಗುಟ್ಟಿದಳು ವ್ಯಾನಕ್ಕ.

"ನೀನು ಕಥೆ ಹೇಳೋದು ಎಲ್ಲರೆದುರಿಗೇ. ನಾನೂ ಇಲ್ಲೇ ಹೇಳ್ತೀನಿ," ಎಂದಳು ತಂಗಿ. "ನಾನು ವ್ಯಾನು ಗುದ್ದಿಸಿದೆ, ಹೌದು. ಆದರೆ ಹಿಂದೆ ನಿಂತು 'ಬಾ, ಬಾ, ಇನ್ನೂ ಬಾ' ಅಂದವರು ಯಾರು? ಪಕ್ಕದ ಮನೆಯವಳ ಹತ್ತಿರ ಹರಟೆ ಹೊಡೀತಾ, ಕಂಬ ನೋಡದೆ ಕೈ ಬೀಸ್ತಿದ್ದವರು ಯಾರು? ಅದನ್ನ ಮಾತ್ರ ಕಥೇಲಿ ಯಾಕೆ ಹೇಳಲ್ಲ ನೀನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ವ್ಯಾನಕ್ಕ ಅಂದು ಬೀಸಿದ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. ಮರೆತಿರಲಿಲ್ಲ ಅವಳು. ಗಂಡ ಬೈದಾನು ಎಂಬ ಹೆದರಿಕೆಗೆ ಅಂದು ಆ ಮಾತು ನುಂಗಿದವಳು, ಆಮೇಲೆ ಜನ ನಗುವುದನ್ನು ಕಂಡು ನುಂಗಿಯೇ ಬಿಟ್ಟಳು.

ತಂಗಿ ಬ್ಲೌಸಿನೊಳಗಿನ ಸಣ್ಣ ಚೀಲದಿಂದ ಒಂದು ಕಾರ್ಡು ತೆಗೆದು ಬೋರಲು ತಟ್ಟೆಯ ಮೇಲಿಟ್ಟಳು. ಡ್ರೈವಿಂಗ್ ಲೈಸೆನ್ಸು! ಪ್ರತಿ ಸಲ ತಪ್ಪದೆ ನವೀಕರಿಸಿ, ಇಷ್ಟು ವರ್ಷ ಗುಂಡಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟುಕೊಂಡಿದ್ದಳಂತೆ.

"ಹೋದ ಹೋದ ಮನೇಲೆಲ್ಲ ನನ್ನ ಕಂಬ ಮಾಡಿ ನಿಲ್ಲಿಸ್ತೀಯ. ಅಂಥ ಮನೇಲಿ ನಾನು ಹೇಗೆ ಇರಲಿ? ನಾನು ನಿನ್ನ ತಂಗಿ ಅಕ್ಕ."

ವ್ಯಾನಕ್ಕನ ಕಣ್ಣಲ್ಲಿ ದಳದಳನೆ ನೀರು ಬಂತು. ದಿಂಬೂ ಗಟ್ಟಿಯಿರಲಿಲ್ಲ, ಸ್ವರವೂ ಎತ್ತರವಿರಲಿಲ್ಲ. ಮೂರು ಮನೆಗಳ ಬಾಗಿಲನ್ನು ತನ್ನ ನಾಲಿಗೆಯಿಂದ ತಾನೇ ಮುಚ್ಚಿಕೊಂಡು ಬಂದಿದ್ದಳು. ಅವಳು ಎದ್ದು ನಿಂತಳು. ನಲವತ್ತು ಮಕ್ಕಳ ಗದ್ದಲವನ್ನು ಮೀರುತ್ತಿದ್ದ ಅದೇ ಗಂಟಲಿನಲ್ಲಿ, ಕಡೇ ಮೇಜಿಗೂ ಕೇಳುವಂತೆ ಹೇಳಿದಳು:

"ಕೈ ಬೀಸಿದವಳು ನಾನೇ. ಕಂಬ ನೋಡದವಳೂ ನಾನೇ. ತಪ್ಪಾಯ್ತು ಕಣೇ ತಂಗಿ." ಆಮೇಲೆ ಸೊಂಟದಿಂದ ವ್ಯಾನಿನ ಬೀಗದ ಕೈ ಬಿಚ್ಚಿ ಲೈಸೆನ್ಸಿನ ಪಕ್ಕದಲ್ಲಿಟ್ಟಳು.

ತಂಗಿ ಎರಡನ್ನೂ ಎತ್ತಿಕೊಂಡು ಒಂದು ಕ್ಷಣ ನೋಡಿದಳು. ತಟ್ಟೆ ಮಗುಚಿದಳು. ಅರವತ್ತು ಜನ ಒಟ್ಟಿಗೆ ಉಸಿರು ಬಿಟ್ಟರು, ಹಿರಿಯಮ್ಮ ಸೌಟು ಹಿಡಿದಳು.

ಮರುದಿನ ಬೆಳಿಗ್ಗೆ ಹನ್ನೆರಡು ಕುರ್ಚಿ ಪೇಟೆಗೆ ಹೋಗಬೇಕಿತ್ತು. ಮನೆಯ ಗಾಡಿ ಕೆಟ್ಟು ನಿಂತಿತ್ತು. ಅಕ್ಕನ ವ್ಯಾನನ್ನು ಕುರ್ಚಿ ಹೆಣೆಯುವ ಕೊಟ್ಟಿಗೆಯ ಬಾಗಿಲವರೆಗೆ ಹಿಂದಕ್ಕೇ ತರಬೇಕು, ಅದೂ ಎರಡು ಕಲ್ಲುಕಂಬಗಳ ನಡುವೆ, ಯಾವ ಬದಿಗೂ ಗೇಣಿಗಿಂತ ಹೆಚ್ಚು ಜಾಗವಿಲ್ಲದಲ್ಲಿ. ಸುದ್ದಿ ಹೇಗೋ ಹಬ್ಬಿ ಮನೆಗೆ ಮನೆಯೇ ಅಂಗಳಕ್ಕೆ ಬಂದಿತ್ತು. ವ್ಯಾನಕ್ಕ ಅಭ್ಯಾಸಬಲದಿಂದ ಹಿಂದೆ ಹೋಗಿ ನಿಂತಳು.

ಡ್ರೈವರ್ ಸೀಟಿನಲ್ಲಿ ಕೂತಿದ್ದ ತಂಗಿ ಕಿಟಕಿಯಿಂದ ತಲೆ ಹೊರಹಾಕಿದಳು. "ಬೇಡ ಅಕ್ಕ. ನೀನು ಬಂದು ಪಕ್ಕದಲ್ಲಿ ಕೂತ್ಕೋ."

ಆ ಸೀಟಿನಲ್ಲಿ ವ್ಯಾನಕ್ಕ ಎಂದೂ ಕೂತವಳಲ್ಲ. ವ್ಯಾನು ಹಿಂದಕ್ಕೆ ಸರಿಯಿತು. ತಂಗಿ ಒಮ್ಮೆ ಎಡಗನ್ನಡಿ, ಒಮ್ಮೆ ಬಲಗನ್ನಡಿ ನೋಡುತ್ತ, ಕಾಜಾ ಹೊಲಿಯುವ ತಾಳ್ಮೆಯಿಂದ ಸ್ಟಿಯರಿಂಗ್ ತಿರುಗಿಸಿದಳು. ಅಕ್ಕನ ಬಲಗಾಲು ನೆಲವನ್ನು ಒತ್ತಿ ಒತ್ತಿ ಹಿಡಿಯುತ್ತಿತ್ತು.

"ಅಲ್ಲಿ ಬ್ರೇಕ್ ಇಲ್ಲ ಅಕ್ಕ," ಎಂದಳು ತಂಗಿ, ಕನ್ನಡಿಯಿಂದ ಕಣ್ಣು ತೆಗೆಯದೆ.

ಮೊದಲ ಕಂಬ ದಾಟಿತು. ಎರಡನೆಯದೂ. ಬಣ್ಣ ಕೂಡ ತಾಗಲಿಲ್ಲ. ಅಂಗಳದಲ್ಲಿ ಎದ್ದ ಕೇಕೆಗೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ವ್ಯಾನಕ್ಕ, ಅದೂ ವ್ಯಾನಿನೊಳಗೆ, ತಂಗಿಯ ಕಿವಿಯ ಹತ್ತಿರವೇ.

ತಂಗಿ ಇಂಜಿನ್ ಆರಿಸಿ, ನಗುತ್ತ ಕಿವಿ ಉಜ್ಜಿಕೊಂಡಳು. "ಈ ಮನೆ ಆಗುತ್ತೆ," ಎಂದಳು.

ಈಗಲೂ ಆ ಮನೆಗೆ ಹೊಸಬರು ಬಂದರೆ ಊಟದ ಹೊತ್ತಿನಲ್ಲಿ ಕಂಬದ ಕಥೆ ಕೇಳಲೇಬೇಕು. ಆದರೆ ಅದು ಶುರುವಾಗುವ ರೀತಿ ಬೇರೆ. ವ್ಯಾನಕ್ಕ ಎದ್ದು ನಿಂತು, ಬಲಗೈಯನ್ನು ಜೋರಾಗಿ ಬೀಸುತ್ತ, "ಹಿಂದೆ ನಿಂತು 'ಬಾ, ಬಾ' ಅಂದ ಪೆದ್ದಿ ನಾನೇ," ಎನ್ನುತ್ತಾಳೆ. ಜನ ಮೊದಲಿಗಿಂತ ಹೆಚ್ಚು ನಗುತ್ತಾರೆ, ತಂಗಿಯಂತೂ ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಬೆಳಿಗ್ಗೆ ಬೇಗ ಏಳಬೇಕೆಂದು ಎದ್ದು ಹೋಗುತ್ತಾಳೆ. ಕುರ್ಚಿಗಳನ್ನು ಪೇಟೆಗೆ ಸಾಗಿಸುವವಳು ಅವಳೇ.