ಕೋಣೆಗೊಂದು ಚೀಟಿ

ದಸ್ತಗೀರ ಮಾಸ್ತರರಿಗೆ ಯಾರ ಮನೆಗೆ ಹೋದರೂ ಮೊದಲು ಕಾಣುತ್ತಿದ್ದುದು ಮನುಷ್ಯರಲ್ಲ, ಚದರಡಿ. ಹೊಸ್ತಿಲು ದಾಟಿದ ಕೂಡಲೇ ಕಣ್ಣು ಈ ಮೂಲೆಯಿಂದ ಆ ಮೂಲೆಗೆ ಓಡುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಆಮೇಲೆ ಮೆಲ್ಲಗೆ "ನೂರಾ ಇಪ್ಪತ್ತು" ಅಂತ ಒಂದು ಅಂಕಿ ಹೊರಬೀಳುತ್ತಿತ್ತು. ಅದಾದ ಮೇಲೆಯೇ ಆರಾಮ ಇದ್ದೀರಾ ಅನ್ನುವ ಮಾತು. ಒಮ್ಮೆ ಮಸ್ಕಿಯಲ್ಲಿ ಸತ್ತವರ ಮನೆಗೆ ಮಾತಾಡಿಸಲು ಹೋಗಿದ್ದೆವು. ಒಳಗೆ ಹೆಂಗಸರು ಅಳುತ್ತಿದ್ದಾರೆ, ಇವರು ನನ್ನ ಕಿವಿಯ ಹತ್ತಿರ ಬಗ್ಗಿ, "ಪಡಸಾಲಿ ನೂರಾ ಐವತ್ತರ ಮ್ಯಾಲಿಲ್ಲ ಬೇಟಾ. ಇಷ್ಟು ಮಂದಿ ಹಿಡಿಸಂಗಿಲ್ಲ, ನಾವು ಹೊರಗ ಕುಂದ್ರೋಣು" ಅಂದರು. ಅಂಥ ಮನೆಯಲ್ಲಿ ನಗು ನುಂಗುವ ಕಷ್ಟ ಏನೆಂದು ನನ್ನನ್ನು ಕೇಳಿ.

ಹೇಳಿದ ಅಂಕಿಯೆಲ್ಲ ಸರಿ ಇರುತ್ತಿತ್ತು ಅಂದುಕೊಳ್ಳಬೇಡಿ. ಅರ್ಧಕ್ಕರ್ಧ ತಪ್ಪು. ಆದರೆ ಆ ಮನುಷ್ಯನಿಗೆ ತಪ್ಪಿದ್ದೇ ಒಂದು ಹಬ್ಬ. ಜೇಬಿನಿಂದ ಟೇಪು ತೆಗೆದು, ಮನೆಯವರ ಕೈಯಲ್ಲೇ ಒಂದು ತುದಿ ಹಿಡಿಸಿ, ಅಳೆದು, "ಹಾಂ, ಈ ಕಿಟಕಿ ನನಗ ಮೋಸ ಮಾಡ್ತು ನೋಡ್ರಿ" ಅಂತ ಕಿಟಕಿಯ ಮೇಲೆ ತಪ್ಪು ಹೊರಿಸಿ ಚಹಾಕ್ಕೆ ಕೂಡುತ್ತಿದ್ದರು.

ಅವರು ಮನೆಗಳ ನಕ್ಷೆ ಬರೆಯುತ್ತಿದ್ದರು. ಸಿಂಧನೂರಿನ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಅವರ ಆಫೀಸು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಊರೆಲ್ಲ ಅವರಿಗೆ ಮಾಸ್ತರ ಅನ್ನುತ್ತಿತ್ತು. ನಾನು ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಸೇರಿದೆ. ಹೆಣ್ಣು ಹುಡುಗಿ ಗೆರೆ ಎಳೆಯುವ ಕೆಲಸಕ್ಕೆ ಯಾಕೆ ಅಂತ ಕೇಳದವರು ಅವರೊಬ್ಬರೇ. ಒಂದರಿಂದ ಸೊನ್ನೆಯವರೆಗೆ ಅಂಕಿ ಬರೆಸಿ ನೋಡಿದರು, ನನ್ನ ಎಂಟು ಚಂದ ಕಂಡಿತಂತೆ, ನಾಳೆಯಿಂದ ಬಾ ಅಂದರು. ನಮ್ಮಿಬ್ಬರದೂ ಮಸ್ಕಿಯೇ. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನ ಒಳಗಿನ ಚದರಡಿಯನ್ನೂ ಅವರು ಬಿಟ್ಟವರಲ್ಲ.

ಆಗ ಎಲ್ಲ ಕೈಕೆಲಸ. ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಎಳೆಯಬೇಕು, ತಪ್ಪಿದರೆ ಬ್ಲೇಡಿನಿಂದ ಹಗುರಾಗಿ ಕೆರೆಯಬೇಕು, ಪ್ರಿಂಟು ತೆಗೆದ ದಿನ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಬೇರೆಯವರು ಕೋಣೆಯ ಉದ್ದ ಅಗಲ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮಾಸ್ತರರ ನಕ್ಷೆಯಲ್ಲಿ ಪ್ರತಿ ಕೋಣೆಯ ನಟ್ಟನಡುವೆ ಒಂದು ಸಣ್ಣ ಚೌಕ, ಅದರೊಳಗೆ ಕೋಣೆಯ ಹೆಸರು, ಹೆಸರಿನ ಕೆಳಗೆ ಲೆಕ್ಕ ಹಾಕಿದ ಚದರಡಿ. ಅದಕ್ಕೆ ಅವರು ಚೀಟಿ ಅನ್ನುತ್ತಿದ್ದರು. ಲೆಕ್ಕವೂ ಗೋಡೆಯ ಒಳಮೈಯಿಂದ ಒಳಮೈಗೆ. ಗೋಡೆಯನ್ನೂ ಸೇರಿಸಿ ದೊಡ್ಡದು ಮಾಡಿ ತೋರಿಸುವವರನ್ನು ಕಂಡರೆ ಉರಿದುಬೀಳುತ್ತಿದ್ದರು. "ಗ್ವಾಡ್ಯಾಗ ಯಾರರ ಮಲಕೊಂತಾರೇನು?" ಅನ್ನುತ್ತಿದ್ದರು. ಉದ್ದ ಅಗಲ ಬರೆದ ಮೇಲೆ ಈ ಚೀಟಿ ಯಾಕೆ ಬೇಕು ಅಂತ ಶುರುವಿನಲ್ಲಿ ನಾನು ಕೇಳಿದ್ದೆ. "ಉದ್ದ ಅಗಲ ಗ್ವಾಡಿ ಕಟ್ಟೋ ಗೌಂಡಿಗೆ ಬೇಟಾ. ಚೀಟಿ ಮನಿ ಹೆಣ್ಣುಮಗಳಿಗೆ. ಅಕಿ ಗುಣಾಕಾರ ಮಾಡ್ಕೊಂತ ಕುಂದ್ರಬೇಕೇನು?"

ಮುದಗಲ್ಲಿನ ಕಡೆಯ ಸಾಹುಕಾರರೊಬ್ಬರು ಒಮ್ಮೆ ಬಂದು, ಮಗನ ಲಗ್ನ ನಿಶ್ಚಯ ಆಗುವುದಿದೆ, ಬೀಗರಿಗೆ ನಕ್ಷೆ ತೋರಿಸಬೇಕು, ಪಡಸಾಲೆ ಇನ್ನೂರು ಇದೆ ಅಂತ ಚೀಟಿಯಲ್ಲಿ ಬರೆದುಬಿಡಿ ಅಂತ ಗಂಟುಬಿದ್ದರು. ಇದ್ದದ್ದು ಅದಕ್ಕಿಂತ ಬಹಳ ಕಡಿಮೆ. ಮಾಸ್ತರರು ಸಿಟ್ಟಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ, "ಬರೀತೀನ್ರೀ. ಮೊದಲ ಗ್ವಾಡಿ ಸರಸ್ರಿ" ಅಂದರು. ಸಾಹುಕಾರರು ನಕ್ಕು ಹೊರಟುಹೋದರು, ನಕ್ಷೆ ಮಾತ್ರ ಇವರ ಹತ್ತಿರವೇ ಮಾಡಿಸಿದರು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕಂಪ್ಯೂಟರು ಬಂತು. ರಾಯಚೂರಿನಿಂದ ತಂದು ಜೋಡಿಸಿದವನು ಕೊನೆಗೆ ಒಂದು ಕರಾಮತ್ತು ತೋರಿಸಿದ. ತೆರೆಯ ಮೇಲೆ ಕೋಣೆಯೊಳಗೆ ಮೌಸಿನ ಬಾಣದಿಂದ ಒಮ್ಮೆ ಮುಟ್ಟಿದರೆ ಸಾಕು, ಮಷೀನು ತಾನೇ ಲೆಕ್ಕ ಹಾಕಿ ಚೀಟಿ ಬರೆದುಬಿಡುತ್ತದೆ. ಅಬ್ಬಾ, ಮಾಸ್ತರರ ಮುಖ ಆವಾಗ ನೋಡಬೇಕಿತ್ತು! ಅಡಿಗೆಮನೆ ಮುಟ್ಟಿಸಿದರು, ಬಚ್ಚಲು ಮುಟ್ಟಿಸಿದರು, ಆಮೇಲೆ ಮತ್ತೆ ಅಡಿಗೆಮನೆ. "ನನ್ನ ರೋಗ ಇದಕ್ಕೂ ಹತ್ತೇತಿ ನೋಡು" ಅಂತ ನನ್ನ ಕಡೆ ತಿರುಗಿ ನಕ್ಕರು. ಹೋಗುವ ಮುಂಚೆ ರಾಯಚೂರಿನಾತ ಒಂದು ಮಾತು ಹೇಳಿ ಹೋಗಿದ್ದ. ಗೋಡೆ ಸರಿಸಿದರೆ ಪಕ್ಕದ ಉದ್ದ ಅಗಲದ ಅಂಕಿ ತಾನೇ ಬದಲಾಗುತ್ತದೆ, ನಡುವಿನ ಚೀಟಿ ಆಗುವುದಿಲ್ಲ, ಕೋಣೆಯನ್ನು ಇನ್ನೊಮ್ಮೆ ಮುಟ್ಟಿ ಹೊಸದಾಗಿ ಬರೆಸಬೇಕು ಅಂತ. ಹೂಂ ಹೂಂ ಅಂದೆವು.

ಮರುವರ್ಷ ಗೊರೇಬಾಳದ ಒಂದು ಮನೆಯವರು ಬಂದರು. ಭತ್ತದ ಗದ್ದೆಯ ಮಂದಿ, ಅಣ್ಣ ಬಸಪ್ಪ, ತಮ್ಮ ಸಿದ್ದಪ್ಪ. ಜೊತೆಗೆ ಅವರ ಹೆಂಡಂದಿರು ಗಂಗಮ್ಮ ಮತ್ತು ಈರಮ್ಮ. ಈ ನೆಗೆಣ್ಣಿಯರಿಗೆ ಒಂದು ಒಲೆಯ ಮುಂದೆ ಆಗಿಬರುತ್ತಿರಲಿಲ್ಲ. ಹಾಗಂತ ಮನೆ ಒಡೆಯುವ ಮನಸ್ಸೂ ಅಣ್ಣತಮ್ಮಂದಿರಿಗೆ ಇಲ್ಲ. ಒಂದೇ ಮನೆ ಕಟ್ಟಿಸಿ ಒಳಗೆ ಎರಡು ಅಡಿಗೆಮನೆ ಮಾಡುವುದು, ಎರಡೂ ಸರಿಸಮ ಇರಬೇಕು ಅಂತ ತೀರ್ಮಾನವಾಗಿತ್ತು. ಕೂದಲೆಳೆ ಹೆಚ್ಚುಕಮ್ಮಿ ಆದರೂ ತಾನು ಗಂಡನನ್ನು ಕರಕೊಂಡು ತವರಿಗೆ, ಲಿಂಗಸುಗೂರಿಗೆ ಹೋಗುವವಳೇ ಅಂತ ಈರಮ್ಮ ಎಲ್ಲರ ಮುಂದೆ ಹೇಳಿಬಿಟ್ಟಳು. ಅಲ್ಲಿ ಅವಳ ತಂದೆ ಅಳಿಯನಿಗೆ ಅಂಗಡಿ ಹಾಕಿಕೊಡಲು ತಯಾರಿದ್ದ. ಬಸಪ್ಪನಿಗೆ ತಮ್ಮನೆಂದರೆ ಜೀವ, ಆ ಮಾತು ಕೇಳಿ ಅವನ ಮುಖ ಬಾಡಿತು.

ಮಾಸ್ತರರು ನಾಕೂ ಮಂದಿಯನ್ನು ಕಂಪ್ಯೂಟರಿನ ಮುಂದೆ ಕೂಡಿಸಿ ಎರಡೂ ಕೋಣೆ ಮುಟ್ಟಿ ತೋರಿಸಿದರು. ಉದ್ದ ಹತ್ತು, ಅಗಲ ಒಂಬತ್ತು. ಅಲ್ಲೂ ತೊಂಬತ್ತು, ಇಲ್ಲೂ ತೊಂಬತ್ತು. ಮಷೀನೇ ಹೇಳಿದ ಮೇಲೆ ಮುಗಿಯಿತಲ್ಲ, ಇಬ್ಬರು ಹೆಂಗಸರೂ ಸಮಾಧಾನವಾಗಿ ಹೋದರು.

ಆಮೇಲೆ ಬಸಪ್ಪ ಒಬ್ಬನೇ ಬಂದ. ಪಾವಟಿಗೆ ಸಣ್ಣದಾಯಿತು, ಭತ್ತದ ಚೀಲ ಹೊತ್ತು ಮೇಲೆ ಹತ್ತಲು ಬರುವುದಿಲ್ಲ, ಸ್ವಲ್ಪ ಅಗಲ ಮಾಡಿ ಅಂದ. ಮಾಸ್ತರರು ಪಾವಟಿಗೆಯ ಪಕ್ಕದ ಗೋಡೆಯನ್ನು ಒಂದು ಫೂಟು ಸರಿಸಿದರು. ಅದರ ಆಚೆಗಿದ್ದುದು ಈರಮ್ಮನ ಅಡಿಗೆಮನೆ. ಕೈಯಲ್ಲಿ ಬರೆಯುತ್ತಿದ್ದ ಕಾಲವಾಗಿದ್ದರೆ ಆ ಗೋಡೆ ಕೆರೆಯುವಾಗ ಬ್ಲೇಡು ಚೀಟಿಯ ತನಕ ಬರುತ್ತಿತ್ತು, ಬೆರಳಿಗೇ ನೆನಪಾಗುತ್ತಿತ್ತು. ಮಷೀನಿನಲ್ಲಿ ಗೋಡೆ ಹೂವು ಎತ್ತಿಟ್ಟಷ್ಟು ಹಗುರಾಗಿ ಸರಿಯಿತು. ಕೋಣೆಯನ್ನು ಮತ್ತೆ ಮುಟ್ಟುವುದು ಮರೆತೇಹೋಯಿತು, ಪ್ರಿಂಟು ಹೊರಟುಹೋಯಿತು. ಪಕ್ಕದಲ್ಲಿ ಒಂಬತ್ತು ಒಂಬತ್ತು ಅಂತಿದೆ, ನಡುವಿನ ಚೀಟಿ ತೊಂಬತ್ತು ಅನ್ನುತ್ತಿದೆ. ಗೌಂಡಿ ಪಕ್ಕದ್ದು ಓದಿದ, ಹೆಂಗಸರು ನಡುವಿನದ್ದು ನೋಡಿದರು, ಯಾರಿಗೂ ಏನೂ ತಿಳಿಯಲಿಲ್ಲ.

ಗೋಡೆ ಎದೆಮಟ್ಟ ಎದ್ದಾಗ ನಾವಿಬ್ಬರೂ ನೋಡಲು ಹೋದೆವು. ಈರಮ್ಮನ ಅಡಿಗೆಮನೆಯೊಳಗೆ ಕಾಲಿಟ್ಟವರೇ ಮಾಸ್ತರರು "ಎಂಬತ್ತು" ಅಂದರು. ಅವರ ಅಂಕಿ ತಪ್ಪುವುದು ನನಗೇನು ಹೊಸದೇ, ನಾನು ನಕ್ಕೆ. ಅವರು ನಗಲಿಲ್ಲ. ಟೇಪು ಹಿಡಿದರು. ಎಂಬತ್ತೊಂದು. ಅಳತೆ ನೋಡಿದವರೇ ಅಲ್ಲಿದ್ದ ಇಟ್ಟಿಗೆ ರಾಶಿಯ ಮೇಲೆ ಕೂತು ಪ್ರಿಂಟು ಬಿಡಿಸಿ ಚೀಟಿ ನೋಡಿದರು.

ಸುಮ್ಮನಿರಿ ಅಂತ ನಾನೇ ಹೇಳಿದೆ. ಯಾರಿಗೆ ಗೊತ್ತಾಗುತ್ತದೆ? ಹೇಳಿದರೆ ಬಸಪ್ಪ ಕದ್ದು ಬಂದು ತಮ್ಮನ ಹೆಂಡತಿಯ ಜಾಗ ಕಡಿಸಿದ ಅಂತಾಗುತ್ತದೆ, ನೀವು ಅವನ ಜೊತೆ ಸೇರಿಕೊಂಡಿರಿ ಅಂತಾಗುತ್ತದೆ, ಗಂಡಹೆಂಡತಿ ಲಿಂಗಸುಗೂರಿನ ಬಸ್ಸು ಹತ್ತುತ್ತಾರೆ, ಒಂದು ಮನೆ ಮುರಿಯುತ್ತದೆ. ಇಷ್ಟೆಲ್ಲ ಬಿಡಿಸಿ ಹೇಳಿದೆ. ನನಗೆ ಆ ಮನೆಗಿಂತ ಇವರ ಮರ್ಯಾದೆಯದೇ ಚಿಂತೆ. ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಅಕಿ ಜಿಂದಗಿಪೂರಾ ಅದರಾಗ ನಿಂತು ರೊಟ್ಟಿ ಬಡೀಬೇಕು ಬೇಟಾ. ನಾನಲ್ಲ, ನೀನಲ್ಲ" ಅಂದು ಎದ್ದರು.

ಎಲ್ಲರನ್ನೂ ಕರೆಸಿ ಹೇಳಿಯೇಬಿಟ್ಟರು. ಬಸಪ್ಪ ಕೇಳಿದ್ದು ಪಾವಟಿಗೆ ಅಗಲ ಮಾಡಲು ಮಾತ್ರ, ಚೀಟಿ ತಿದ್ದದೆ ಪ್ರಿಂಟು ಕೊಟ್ಟದ್ದು ತಾನು, ಮಷೀನಿನ ತಪ್ಪೂ ಅಲ್ಲ. ಪಾವಟಿಗೆ ಮತ್ತೆ ಸಣ್ಣದು ಮಾಡೋಣ, ಗೋಡೆ ಒಡೆಸಿ ಕಟ್ಟಿಸುವುದು ತನ್ನ ಜವಾಬ್ದಾರಿ ಅಂದರು. ಬಸಪ್ಪ ತಲೆ ಎತ್ತಲಿಲ್ಲ. ಸಿದ್ದಪ್ಪ ಅಣ್ಣನನ್ನೇ ದುರುಗುಟ್ಟಿ ನೋಡುತ್ತಿದ್ದ. ಈರಮ್ಮ ಎದೆಮಟ್ಟದ ಆ ಗೋಡೆಯ ಮೇಲೆ ಕೈಯಿಟ್ಟು ನಿಂತಳು. ಆಯಿತು, ಇನ್ನು ಹತ್ತಿಕೊಳ್ಳುತ್ತದೆ ಅಂತ ನಾನು ಸೆರಗು ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ಗಂಗಮ್ಮ ಮುಂದೆ ಬಂದಳು.

"ಪಾವಟಿಗಿ ಹಂಗ ಇರ್ಲಿ ಬಿಡ್ರೀ, ಚೀಲ ಹೊರೋರು ನಮ್ಮ ಗಂಡಸ್ರ. ನಂದೂ ಒಂದು ಫೂಟು ಕಡೀರಿ. ನಾಳಿ ಇಕಿ ಬಾಯಾಗ ಬೀಳಾಕ ನಾ ಒಲ್ಲೆ."

ಗೌಂಡಿ ತಲೆ ಚಚ್ಚಿಕೊಂಡ. ಆದರೂ ಗಂಗಮ್ಮನ ಗೋಡೆ ಒಡೆದು ಒಂದು ಫೂಟು ಒಳಗೆ ಕಟ್ಟಿದ್ದಾಯಿತು, ಉಳಿದ ಜಾಗ ಪಡಸಾಲೆಗೆ ಹೋಯಿತು. ಈರಮ್ಮ ಲಿಂಗಸುಗೂರಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಮಾಸ್ತರರಿಗೂ ನನಗೂ ತಿಳಿಯಲಿಲ್ಲ. ಆಕೆಗೆ ತನ್ನ ಮೇಲೆ ಇನ್ನೂ ಸಿಟ್ಟಿರಬೇಕು ಅಂತ ಮಾಸ್ತರರು ಬಸ್ಸಿನಲ್ಲಿ ಆಗಾಗ ಅನ್ನುತ್ತಿದ್ದರು. ಆ ಮನೆಯ ಗೃಹಪ್ರವೇಶಕ್ಕೆ ಕರೆದರೂ ಸಂಕೋಚಪಟ್ಟು ಹೋಗಲಿಲ್ಲ. ಅಲ್ಲಿಂದ ಮುಂದೆ ಪ್ರಿಂಟು ಹೊರಗೆ ಕಳಿಸುವ ಮುನ್ನ ಪ್ರತಿ ಕೋಣೆಯನ್ನೂ ಮತ್ತೆ ಮುಟ್ಟಿ, ಚೀಟಿಯ ಅಂಕಿಯನ್ನು ನನ್ನಿಂದ ಜೋರಾಗಿ ಓದಿಸುತ್ತಿದ್ದರು. ಕೇಳಿ ಕೇಳಿ ಕೆಳಗಿನ ಬಟ್ಟೆ ಅಂಗಡಿಯವರಿಗೂ ಊರವರ ಅಡಿಗೆಮನೆಗಳ ಲೆಕ್ಕ ಬಾಯಿಗೆ ಬಂದಿತ್ತು.

ಹೆಚ್ಚು ದಿನ ಅದೂ ನಡೆಯಲಿಲ್ಲ. ಎದೆನೋವು ಅಂತ ಒಂದು ಮುಂಜಾನೆ ಬಸ್ಸಿಗೆ ಬರಲಿಲ್ಲ, ಸಂಜೆಯೊಳಗೆ ಹೋಗಿಬಿಟ್ಟರು. ಸುದ್ದಿ ತಿಳಿದು ಸಿಂಧನೂರಿನಿಂದ, ಲಿಂಗಸುಗೂರಿನಿಂದ ಅವರು ನಕ್ಷೆ ಬರೆದುಕೊಟ್ಟ ಮನೆಗಳ ಮಂದಿಯೆಲ್ಲ ಮಸ್ಕಿಗೆ ಬಂದರು. ನಾನು ಬಂದವರಿಗೆ ನೀರು ಕೊಡುತ್ತ, ಮಾಸ್ತರರ ಹೆಂಡತಿಯನ್ನು ಸಂಭಾಳಿಸುತ್ತ ಓಡಾಡಿಕೊಂಡಿದ್ದೆ. ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ, ನನಗೇ ಅದು ಆಶ್ಚರ್ಯವಾಗಿತ್ತು.

ಗೊರೇಬಾಳದಿಂದ ಗಂಗಮ್ಮ, ಈರಮ್ಮ ಇಬ್ಬರೂ ಒಂದೇ ಆಟೋದಲ್ಲಿ ಬಂದಿಳಿದರು. ಈರಮ್ಮ ನನ್ನ ಪಕ್ಕ ಬಂದು ಗೋಡೆಗೆ ಒರಗಿ ನಿಂತಳು. ಮಾಸ್ತರರಿಗೆ ನಿಮ್ಮದೇ ಒಂದು ಕೊರಗಿತ್ತು, ನಿಮ್ಮ ಸಿಟ್ಟು ಇಳಿದಿಲ್ಲ ಅಂದುಕೊಂಡೇ ಹೋದರು ಅಂತ ನಾನು ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು.

"ನನಗ ಅವರಕಿಂತ ಮೊದಲ ಗೊತ್ತಿತ್ರೀ ಅಕ್ಕಾರ. ಗ್ವಾಡಿ ಮಣಕಾಲಮಟ ಇದ್ದಾಗ ಒಲಿ ಬರೋ ಜಾಗಾದಾಗ ಕುಂತು ಕೈ ಚಾಚಿದ್ದೆ. ನನಗ ಗ್ವಾಡಿ ಹತ್ತಿತು, ಗಂಗಕ್ಕನ ಅಡಿಗಿಮನ್ಯಾಗ ಹಂಗ ಕುಂತ್ರ ಹತ್ತಲಿಲ್ಲ. ಟ್ರಂಕು ಕಟ್ಟಿಟ್ಟಿದ್ದೆ. ಸಣ್ಣಾಕಿ ನಾ ಮತ್ತ ಬಾಯಿ ಬಿಟ್ರ ಮನಿಮುರುಕಿ ಅಂತಾರ, ಯಾರರ ಒಬ್ಬರು ತಾವಾಗೇ ಹೇಳ್ಲಿ, ಹೇಳಿದ್ರ ಇಲ್ಲೇ ಇರ್ತೀನಿ ಅಂತ ಕಾಯಾಕತ್ತಿದ್ದೆ. ಅವರು ಬಂದು ಹೇಳಿದ್ರು ನೋಡ್ರಿ."

ಇಷ್ಟು ಹೇಳಿ ಆಕೆ ಒಳಗೆ ಹೋಗಿ ಮಾಸ್ತರರ ಹೆಂಡತಿಯ ಪಕ್ಕ ಕೂತಳು. ಅವತ್ತು ಮಾಸ್ತರರಿಗೆ ಸುಮ್ಮನಿರಿ ಅಂದವಳು ನಾನು. ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು, ಅಷ್ಟು ಮಂದಿಯ ನಡುವೆ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.