ಸುಣ್ಣದ ಕೆಳಗಿನ ಬಾಯ್ಲರ್

ಕಳೆದ ವಾರ ಬೀದರಿನ ನಮ್ಮ ಮನೆಗೆ ಸುಣ್ಣ ಹೊಡೆಯುವವರು ಬಂದರು. ಅಂಗಳದ ಡ್ರಮ್ಮಿನಲ್ಲಿ ಸುಣ್ಣದ ಕಲ್ಲಿಗೆ ನೀರು ಸುರಿದಾಗ ಅದು ಕುದಿಯತೊಡಗಿ, ಬಿಸಿ ವಾಸನೆ ಒಳಮನೆಯವರೆಗೂ ಬಂತು. ನಾನು ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತೆ. ಸೊಸೆ ಬಂದು, ‘ಯಾಕ್ರಿ ಮಾವ, ದಮ್ಮು ಹತ್ತೇದೇನು?’ ಎಂದು ಕೇಳಿದಳು. ಹೌದು ಎಂದೆ. ಸುಳ್ಳು. ಆ ವಾಸನೆಗೆ ನನಗೆ ಭಾಲ್ಕಿಯ ಬಾಯ್ಲರ್ ಮಿಸ್ತ್ರಿ ನೆನಪಾಗುತ್ತಾರೆ. ಅವರ ಮುಂದೆ ನಾನೆಷ್ಟು ಸಣ್ಣವನಾದೆ ಎಂಬುದೂ...

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮರುವರ್ಷದ ಮಾತು. ಭಾಲ್ಕಿ ಸ್ಟೇಷನ್ನಿನ ಆಚೆ ಹತ್ತಿ ಬಿಡಿಸುವ ಒಂದು ಗಿರಣಿ ಇತ್ತು. ಗಲಾಟೆಯಲ್ಲಿ ಮುಚ್ಚಿದ್ದ ಅದನ್ನು ಹೊಸ ಸಾಹುಕಾರರು ಕೊಂಡು, ದಸರೆ ಮುಗಿದ ಕೂಡಲೇ ಶುರು ಮಾಡಬೇಕೆಂದಿದ್ದರು. ಹೈದರಾಬಾದಿನಲ್ಲಿ ಓದಿ ಬಂದ ನನ್ನನ್ನು ಇಂಜಿನಿಯರ್ ಎಂದು ನೇಮಿಸಿಕೊಂಡರು. ನನ್ನೂರು ಔರಾದ ಕಡೆಯಿಂದ ಆ ಓದು ಓದಿದವನು ನಾನೊಬ್ಬನೇ ಎಂಬ ಠೇಂಕಾರ ನನಗೆ ಸಾಕಷ್ಟಿತ್ತು.

ಗಿರಣಿಯ ಯಂತ್ರಗಳೆಲ್ಲ ಓಡುವುದು ಒಂದೇ ಬಾಯ್ಲರಿನ ಹಬೆಯಿಂದ. ಅದರ ತಪಾಸಣೆಯ ಪುಸ್ತಕ ಗಲಾಟೆಯಲ್ಲಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಹೈದರಾಬಾದಿನ ಬಾಯ್ಲರ್ ತಪಾಸಣೆಯ ಕಚೇರಿಗೆ ಬರೆದರೆ ಉತ್ತರವಿಲ್ಲ. ಅಪಾಯ ಇದೆಯೋ ಇಲ್ಲವೋ ಎಂದು ಸಾಹುಕಾರರಿಗೆ ನಾನು ಬರೆದುಕೊಡಬೇಕಿತ್ತು. ಇದು ಎಂದಾದರೂ ಒಡೆದಿದೆಯೇ ಎಂದು ಹಳಬರನ್ನೆಲ್ಲ ವಿಚಾರಿಸಿದೆ. ಒಂದು ಸಲವೂ ಇಲ್ಲ. ಹಾಗಾದರೆ ಹೆದರಿಕೆ ಇಲ್ಲ ಎಂದು ಮನಸ್ಸಿನಲ್ಲೇ ಬರೆದು ಮುಗಿಸಿದೆ.

ಮೊದಲಿನಿಂದಲೂ ಆ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದ ಮಿಸ್ತ್ರಿಗೆ ಹಾಗೆಂದು ಹೇಳಿದರೆ ಅವರು ಮಾತ್ರ ಒಪ್ಪಲಿಲ್ಲ. ಐವತ್ತು ದಾಟಿದ್ದ ಆಳು, ಅಕ್ಷರ ಬರುತ್ತಿರಲಿಲ್ಲ. ‘ಒಡದಿಲ್ಲ ಅನ್ನೋದು ಖರೇ ಅದರಿ ಸಾಬ. ಒಡದ್ರ ಹೇಳ್ಲಾಕ ಯಾರ ಉಳೀತಾರ?’ ಎಂದು ಹೇಳಿ, ನನ್ನನ್ನು ಬಾಯ್ಲರ್ ಕೋಣೆಯ ಹಿಂದಿನ ಗೋಡೆಗೆ ಕರೆದುಕೊಂಡು ಹೋದರು.

ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬಾಯ್ಲರಿನ ಆಕಾರ ಬರೆದಿದ್ದರು. ವರ್ಷಾನುಗಟ್ಟಲೆ ಎಲ್ಲೆಲ್ಲಿ ನೀರು ಜಿನುಗಿತ್ತೋ ಅಲ್ಲೆಲ್ಲ ಒಂದೊಂದು ಚುಕ್ಕೆ. ಹೆಚ್ಚು ಜಿನುಗಿದ್ದರೆ ದೊಡ್ಡ ಚುಕ್ಕೆ. ನಡುವೆ ಇದ್ದಿಲಿನ ಕಪ್ಪು ಚುಕ್ಕೆಗಳೂ ಇದ್ದವು. ಅವು ಬೇರೆ ಊರಿನ ಗಿರಣಿಗಳವು. ರಜೆಯ ದಿನ ಉದಗೀರಕ್ಕೋ ಬೀದರಿಗೋ ಹೋಗಿ, ಇಂಥದೇ ಬಾಯ್ಲರಿಗೆ ಬೆಂಕಿ ಹಾಕುವವರ ಜೊತೆ ಚಹಾ ಕುಡಿದು, ನಿಮ್ಮಲ್ಲಿ ಎಲ್ಲಿ ಜಿನುಗಿತು ಎಂದು ಕೇಳಿಕೊಂಡು ಬರುತ್ತಿದ್ದರಂತೆ. ಕೆಂಪು ಕಪ್ಪು ಎರಡೂ ಎಡಹೊಟ್ಟೆಯ ಕೆಳಗೆ ಗುಂಪುಗೂಡಿದ್ದವು. ಆ ತಗಡು ಬದಲಿಸುವ ತನಕ ಹಬೆಯ ಒತ್ತಡ ತೋರಿಸುವ ಗೇಜಿನ ಮುಳ್ಳು ಅರವತ್ತು ದಾಟಬಾರದು ಎಂಬುದು ಅವರ ಮಾತು. ಗೋಡೆಯ ಆಚೆ ಮೂವತ್ತು ನಲವತ್ತು ಹೆಣ್ಣುಮಕ್ಕಳು ಕೂತು ಹತ್ತಿ ಆರಿಸುವವರಿದ್ದರು.

ಅದನ್ನು ನೋಡಿದ ಕ್ಷಣವೇ ನನಗೆ ತಿಳಿಯಿತು, ಅವರದು ಸರಿ ಎಂದು. ಅದಕ್ಕೇ ಹೊಟ್ಟೆ ಉರಿಯಿತು. ನಾಲ್ಕು ವರ್ಷ ಹೈದರಾಬಾದಿನಲ್ಲಿ ಖಾನಾವಳಿ ಊಟ ಉಂಡು ಓದಿದ ನನಗೆ ಹೊಳೆಯದ್ದು ಈ ಅನಕ್ಷರಸ್ಥನಿಗೆ ಹೊಳೆದದ್ದು ಹೇಗೆ? ಸಾಹುಕಾರರು ಬಂದರೆ ನನ್ನ ಲೆಕ್ಕದ ಕಾಗದ ಬಿಟ್ಟು ಆ ಗೋಡೆಯ ಮುಂದೆ ನಿಲ್ಲುತ್ತಿದ್ದರು. ‘ನಿಮ್ಗ ಹ್ಯಾಂಗ ಅನಸ್ತದ ಮಿಸ್ತ್ರಿ?’ ಎಂದು ಮೊದಲು ಅವರನ್ನೇ ಕೇಳುತ್ತಿದ್ದರು. ಔರಾದಿನಿಂದ ನನ್ನನ್ನು ನೋಡಲು ಬಂದ ಅಪ್ಪ ಕೂಡ ಅವರ ಪಕ್ಕದಲ್ಲಿ ಒಂದು ತಾಸು ಕೂತು, ಹೋಗುವಾಗ ನನಗೆ, ‘ಆ ಮನಷಾನ ಕಡಿಂದ ಕಲ್ಕೋ’ ಎಂದ. ಆ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮಿಸ್ತ್ರಿ ಇಲ್ಲದಾಗ ನಾನು ದಿನವೂ ಆ ಗೋಡೆಯ ಮುಂದೆ ನಿಂತು ತಪ್ಪು ಹುಡುಕುತ್ತಿದ್ದೆ. ಒಂದು ಚುಕ್ಕೆಯಾದರೂ ಸುಳ್ಳಾಗಲಿ ಎಂದು.

ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಗಿರಣಿಗೆಲ್ಲ ಸುಣ್ಣ ಹೊಡೆಯುವುದು ರೂಢಿ. ಯಂತ್ರ ಪೂಜೆಗೆ ಕೂರುವಾಗ ಗೋಡೆ ಬೆಳ್ಳಗಿರಬೇಕು. ಮಿಸ್ತ್ರಿಯ ಗೋಡೆಯೊಂದನ್ನು ಮಾತ್ರ ಪ್ರತಿವರ್ಷ ಬಿಡುತ್ತಿದ್ದರು. ಆ ದಿನ ಮಿಸ್ತ್ರಿ ಉದಗೀರಕ್ಕೆ ಹೋಗಿದ್ದರು. ಸುಣ್ಣದವನು ಹೊಸಬ. ಕುಂಚ ಹಿಡಿದು ನಿಂತು ನನ್ನನ್ನು ಕೇಳಿದ: ‘ಸಾಬ, ಈ ಗೋಡಿ ಬಿಡ್ಲೇನ್ರಿ?’

‘ಹಬ್ಬದಾಗ ಒಂದ ಗೋಡಿ ಯಾಕ ಹೊಲಸ ಇಡ್ತಿ? ಹೊಡಿ’ ಎಂದೆ.

ಎರಡು ಕೈ ಹೊಡೆದ. ನಾನು ನಿಂತು ನೋಡಿದೆ. ಸುಖವಾಯಿತು, ಸುಳ್ಳು ಹೇಳಲಾರೆ.

ಸಂಜೆ ಮಿಸ್ತ್ರಿ ಬಂದರು. ಹಸಿ ಸುಣ್ಣದ ಮೇಲೆ ಅಂಗೈ ಇಟ್ಟು ನೋಡಿದರು. ಯಾರು ಹೊಡೆಸಿದ್ದೆಂದು ಕೇಳಲಿಲ್ಲ. ‘ನೆಪ್ಪ ಇದ್ದಷ್ಟು ಮತ್ತ ಬರೀಬಹುದ್ರಿ ಸಾಬ. ಖರೇ, ನೆಪ್ಪಿನ ಮ್ಯಾಲ ಭರೋಸಾ ಇಟ್ಟು ನಾ ಬೆಂಕಿ ಹಾಕಂಗಿಲ್ಲ’ ಎಂದರು. ಸಾಹುಕಾರರಿಗೆ ನೋಡಲು ಈಗ ಗೋಡೆ ಇರಲಿಲ್ಲ, ನನ್ನ ಕಾಗದವಿತ್ತು. ಅಪಾಯವಿಲ್ಲ ಎಂದು ಅದರಲ್ಲಿ ಬರೆದು ಸಹಿ ಹಾಕಿದ್ದೆ. ಖಂಡೆ ಪೂಜೆಯ ಮರುದಿನ ಮಿಸ್ತ್ರಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ತಮ್ಮ ಊರಾದ ಜನವಾಡಕ್ಕೆ ಹೊರಟುಹೋದರು.

ಮೊದಲ ಸಲ ಬೆಂಕಿ ಹಾಕಿದ ದಿನ ಗೇಜಿನ ಮುಳ್ಳು ಅರವತ್ತಕ್ಕೆ ಬಂತು. ನನ್ನ ಕೈ ಅದನ್ನು ಮೇಲೆ ಹೋಗಗೊಡಲಿಲ್ಲ. ತಪ್ಪು ಹುಡುಕಿ ಹುಡುಕಿ ಆ ಗೋಡೆ ನನಗೆ ಪೂರ್ತಿ ಬಾಯಿಪಾಠವಾಗಿತ್ತು. ಒಂದು ಚುಕ್ಕೆಯೂ ಮರೆತಿರಲಿಲ್ಲ. ಗಿರಣಿ ಯಾಕೆ ಹತ್ತಿ ಕಡಿಮೆ ಬಿಡಿಸುತ್ತಿದೆ ಎಂದು ಸಾಹುಕಾರರು ಕೇಳಿದರೆ ಯಂತ್ರ ತಿರುಗಿಸುವ ಪಟ್ಟಾ ಹಳೆಯದಾಗಿದೆ ಎನ್ನುತ್ತಿದ್ದೆ. ಮೂರು ಹಂಗಾಮು ಹಾಗೇ ನಡೆಸಿದೆ. ಏನೂ ಆಗಲಿಲ್ಲ. ಒಂದೂ ಅವಘಡವಿಲ್ಲದೆ ಗಿರಣಿ ನಡೆಸಿದನೆಂದು ಸಾಹುಕಾರರು ನನಗೆ ಶಾಲು ಹೊದಿಸಿದರು. ಆಮೇಲೆ ಆ ಬಾಯ್ಲರನ್ನು ಗುಜರಿಗೆ ಕೊಟ್ಟಾಗ ಎಡಹೊಟ್ಟೆಯ ತಗಡು ಕೊಯ್ದು ನೋಡಿದೆ. ಹಪ್ಪಳದಷ್ಟು ತೆಳುವಾಗಿತ್ತು.

ಜನವಾಡಕ್ಕೆ ಹೋಗಿ, ಮಿಸ್ತ್ರಿ, ಗೋಡೆ ನನ್ನ ತಲೆಯಲ್ಲಿದೆ, ಹೆದರಬೇಡಿ ಎಂದು ಹೇಳಬಹುದಿತ್ತು. ನಾನು ಆಮೇಲೆ ಬಂದು ನೆಲೆಸಿದ ಬೀದರಿನಿಂದ ಎಷ್ಟು ಮಹಾ ದೂರ ಅದು... ಹೇಳಿದರೆ ಶಾಲು ಅವರದಾಗುತ್ತಿತ್ತು. ಒಮ್ಮೆ ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ ಮಿಸ್ತ್ರಿ ದೂರದಿಂದ ಕಂಡರು. ನಾನು ತೊಗರಿ ಚೀಲಗಳ ಹಿಂದೆ ಸರಿದು ನಿಂತೆ. ಕೆಲವು ವರ್ಷಗಳ ಮೇಲೆ ಅಲ್ಲೇ, ಜನವಾಡದ ಒಬ್ಬ ಹಮಾಲ ಅವರು ತೀರಿಹೋದ ಸುದ್ದಿ ಹೇಳಿದ. ‘ಭಾಲ್ಕಿ ಕಡಿಂದ ಯಾರ ಬಂದ್ರೂ ಒಂದೇ ಕೇಳ್ತಿದ್ರು ನೋಡ್ರಿ. ಗಿರಣ್ಯಾಗಿನ ಹೆಣ್ಮಕ್ಕಳು ಆರಾಮ ಅದಾರೇನು ಅಂತ.’

ಈ ಸಲ ಸುಣ್ಣದವರು ಊಟಕ್ಕೆ ಹೋದಾಗ ಹಿತ್ತಲ ಗೋಡೆ ಇನ್ನೂ ಉಳಿದಿತ್ತು. ಮೊಮ್ಮಗಳ ರಂಗೋಲಿ ಡಬ್ಬಿಯಿಂದ ಕೆಮ್ಮಣ್ಣು ತಂದು, ನೀರಲ್ಲಿ ಕಲಸಿ, ಬಾಯ್ಲರಿನ ಹೊಟ್ಟೆ ಬರೆದೆ. ಆಮೇಲೆ ಚುಕ್ಕೆಗಳು. ಒಂದೂ ತಪ್ಪಲಿಲ್ಲ. ಕಪ್ಪು ಚುಕ್ಕೆಗೆ ಒಲೆಯ ಇದ್ದಿಲು ಸಾಕಾಯಿತು.

ಊಟ ಮುಗಿಸಿ ಬಂದ ಸುಣ್ಣದವನೊಬ್ಬ ಕುಂಚ ಹಿಡಿದು ನಿಂತ. ‘ಅಜ್ಜಾರ, ಈ ಗೋಡಿ ಬಿಡ್ಲೇನ್ರಿ?’

‘ಬಿಡಪಾ’ ಎಂದೆ. ‘ಅದು ನಂದಲ್ಲ.’