ಪರಿಚಯದಲ್ಲಿ ಇಲ್ಲದ ಜಲಾಂತರ್ಗಾಮಿ

ಯುದ್ಧನೌಕೆಗಳ ಮೇಲೆ ನನಗೆ ಯಾವ ಭಕ್ತಿಯೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಓದಿ ನನ್ನನ್ನು ಆ ಪಕ್ಷಕ್ಕೆ ಸೇರಿಸಿಬಿಡುತ್ತೀರಿ.

ನಾನು ಆಸ್ಟಿನ್‌ನಲ್ಲಿ ಓದುವಾಗ ಸಿಕ್ಕ ಗೆಳೆಯ ಇವನು, ಅಲ್ಲೇ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಬೆಳೆದ ಮೈಸೂರು ಮನೆಯ ಹುಡುಗ. ಹೈಸ್ಕೂಲು ಮುಗಿದದ್ದೇ ಕಾಲೇಜಿಗೆ ಬೆನ್ನು ತಿರುಗಿಸಿ ಅಲ್ಲಿನ ನೌಕಾಪಡೆ ಸೇರಿದ್ದ. ಅಣುಶಕ್ತಿಯಿಂದ ಓಡುವ ದಾಳಿ ಜಲಾಂತರ್ಗಾಮಿಯೊಂದರಲ್ಲಿ ರಿಯಾಕ್ಟರ್ ನಡೆಸುತ್ತಿದ್ದ. ನಾವಿಬ್ಬರೂ ಹುಟ್ಟುವ ಮೊದಲೇ ನೀರಿಗಿಳಿದ ಹಡಗು ಅದು. ಸದ್ದಿಲ್ಲದೆ ಹೋಗಿ, ಬೇರೆಯವರ ಸದ್ದು ಕೇಳಿಸಿಕೊಂಡು, ಸದ್ದಿಲ್ಲದೆ ಬರುವುದೇ ಅದರ ಸೇವೆ. ನಡುವೆ ರಿಪೇರಿಗೆಂದು ಡಾಕಿನಲ್ಲಿ ಬಿದ್ದುಕೊಂಡದ್ದೂ ಉಂಟು. ಕೊನೆಗೆ ಇಂಧನ ತೆಗೆದು, ರಿಯಾಕ್ಟರಿನ ಭಾಗವನ್ನು ಕತ್ತರಿಸಿ ಹೂಳಿ, ಉಳಿದ ಉಕ್ಕನ್ನು ಗುಜರಿಗೆ ಹಾಕುವುದೆಂದಾಯಿತು. ಅದರ ಬೀಳ್ಕೊಡುಗೆಗೆ ಇವನ ಮನೆಯಿಂದ ಯಾರೂ ಹೋಗಲಿಲ್ಲ.

ನಾನು ಅವನೊಡನೆ ಜಗಳವಾಡಿದ್ದೇನೆ. "ಯಾರ ಮೇಲಪ್ಪಾ ದಾಳಿ ಮಾಡಿದ್ದು?"

"ಹೇಳೋ ಹಾಗಿಲ್ಲ."

"ಹೇಳೋಕಾಗದ ಸಾಧನೆನ ನಾನ್ಯಾಕೆ ಒಪ್ಪಲಿ?"

"ಒಪ್ಪಬೇಡ. ಇಲ್ಲ ಅಂತ ಮಾತ್ರ ಅನ್ಬೇಡ."

ಅವನ ಅಮ್ಮ ಮಾಡಿದ್ದು ಅದನ್ನೇ. ಹೂಸ್ಟನ್‌ನಲ್ಲಿ ಕನ್ನಡ ಬಳಗದವರು ಯುವ ಸಾಧಕರಿಗೆ ಸನ್ಮಾನ ಇಟ್ಟುಕೊಂಡಿದ್ದರು, ಅವರಲ್ಲಿ ಇವನೂ ಒಬ್ಬ, ನಿರೂಪಣೆ ನನ್ನದು. ಅಮ್ಮ ಕಳಿಸಿದ ಪರಿಚಯದಲ್ಲಿ ಇದ್ದದ್ದು ಇಷ್ಟು: 'ಪವರ್ ಪ್ಲಾಂಟ್‌ನಲ್ಲಿ ಎಂಜಿನಿಯರ್.' ಹಡಗಿಲ್ಲ, ಸಮುದ್ರವಿಲ್ಲ. ಇಲ್ಲದ ಡಿಗ್ರಿಯೊಂದು ಸದ್ದಿಲ್ಲದೆ ಬಂದು ಕೂತಿದೆ. ಕಾರಣ ಡಲ್ಲಾಸ್ ಪಕ್ಕದ ಇರ್ವಿಂಗ್‌ನಿಂದ ಬಂದ ಒಂದು ಮದುವೆ ಸಂಬಂಧ. ಹುಡುಗಿಯ ತಾಯಿ ಅಲ್ಲಿಂದ ಡ್ರೈವ್ ಮಾಡಿಕೊಂಡು ಹುಡುಗನನ್ನು ನೋಡಲೆಂದೇ ಬಂದಿದ್ದರು. ಹುಡುಗಿಗೆ ಇವನು ಎಲ್ಲವನ್ನೂ ಹೇಳಿದ್ದ. ಅಮ್ಮಂದಿರ ಮಟ್ಟದಲ್ಲಿ ಮಾತ್ರ ಪವರ್ ಪ್ಲಾಂಟ್ ನಡೆಯುತ್ತಿತ್ತು.

"ಇದನ್ನ ನಾನು ಓದಲ್ಲ ಅಂಕಲ್," ಎಂದೆ ಬಳಗದ ಅಧ್ಯಕ್ಷರಿಗೆ.

"ಯಾಕಮ್ಮಾ? ಸಬ್‌ಮರೀನ್ ಒಳಗಿರೋದೂ ಪವರ್ ಪ್ಲಾಂಟೇ ತಾನೆ? ಸುಳ್ಳೆಲ್ಲಿದೆ ತೋರಿಸು."

"ಹಾಗಾದ್ರೆ ನಿಮ್ಮನ್ನ 'ಕುರ್ಚಿ ಮೇಲೆ ಕೂರೋ ವ್ಯಕ್ತಿ' ಅಂತ ಪರಿಚಯ ಮಾಡ್ಲಾ? ಅದೂ ಸುಳ್ಳಲ್ಲ."

"ಡಿಬೇಟ್ ಎಲ್ಲಾ ಕಾಲೇಜಲ್ಲಿ ಇಟ್ಕೋ," ಎಂದು ಮೈಕ್ ಕಿತ್ತುಕೊಂಡರು.

ನನ್ನ ಮೈ ಉರಿಯುತ್ತಿತ್ತು. ಈ ಜನ ನೌಕಾಪಡೆಯನ್ನು ವಿರೋಧಿಸಿದ್ದರೆ ನಾನೂ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಇವರಿಗೆ ವಿರೋಧವೂ ಇಲ್ಲ, ನಾಚಿಕೆಯಷ್ಟೇ. ಅದೇ ಹಡಗಿಗೆ ಇವನು ಯಾವುದೋ ವಿಶ್ವವಿದ್ಯಾಲಯದ ಪ್ರಮಾಣಪತ್ರ ಅಂಟಿಸಿಕೊಂಡು ಅಧಿಕಾರಿಯಾಗಿ ಹೋಗಿದ್ದರೆ ಇದೇ ವೇದಿಕೆಯ ಮೇಲೆ ಹಡಗಿನ ಫೋಟೋ ಇರುತ್ತಿತ್ತು.

ಅಧ್ಯಕ್ಷರು ಪರಿಚಯ ಓದಿದರು. ಚಪ್ಪಾಳೆ ಬಿತ್ತು. ಅವನು ವೇದಿಕೆ ಹತ್ತಿದ. ಶಾಲು ಹೊದಿಸಲು ಕೈ ಚಾಚಿದಾಗ ಒಂದು ಹೆಜ್ಜೆ ಹಿಂದೆ ಸರಿದ.

"ಥ್ಯಾಂಕ್ಸ್ ಅಂಕಲ್. ಅದು ನಾನಲ್ಲ."

ಅಂಕಲ್ ಎರಡೂ ಕೈಯಲ್ಲಿ ಶಾಲು ಹಿಡಿದುಕೊಂಡು, ಬಟ್ಟೆ ಒಣಹಾಕುವವರ ಹಾಗೆ ನಿಂತರು. ಅವನು ಮೆಟ್ಟಿಲಿಳಿದು ಸೀದಾ ಮೊದಲ ಸಾಲಿಗೆ ಹೋದ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು, ಕನ್ನಡದಲ್ಲಿ ಕೇಳಿದ:

"ಅಮ್ಮಾ, ನೀನೇ ಹೇಳು. ನಾನು ಎಲ್ಲಿ ಕೆಲಸ ಮಾಡ್ತಿದ್ದೆ?"

"ಕೂತ್ಕೋ. ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಹೇಳು."

ಆಂಟಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಸಬ್‌ಮರೀನ್‌ನಲ್ಲಿ," ಎಂದರು ತುಟಿಯಲ್ಲೇ.

ಹಿಂದಿನ ಸಾಲಿನಿಂದ ಇರ್ವಿಂಗ್‌ನ ಹುಡುಗಿಯ ತಾಯಿ ಮುಂದಕ್ಕೆ ಬಾಗಿದರು. "ಏನಂದ್ರಿ? ಕೇಳಿಸ್ಲಿಲ್ಲ ನಮಗೆ."

ಅದು ಕುತೂಹಲವೋ ಕುಟುಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಂಟಿಗೆ ಮಾತ್ರ ಕುಟುಕಾಗಿಯೇ ತಗುಲಿತು. ಸೆರಗು ಬಿಟ್ಟು, ಪೂರ್ತಿ ಹಿಂದಕ್ಕೆ ತಿರುಗಿದರು.

"ಸಬ್‌ಮರೀನ್‌ನಲ್ಲಿ ರೀ! ಕಾಲೇಜಿಗೆ ಹೋಗಿಲ್ಲ ನನ್ನ ಮಗ. ಸಮುದ್ರದ ಕೆಳಗೆ ರಿಯಾಕ್ಟರ್ ನಡೆಸ್ತಿದ್ದ. ಏನೀಗ?"